ಮಂಗನನ್ನು ಹೂತ ಗುಡ್ಡಕ್ಕೆ

ಮಲ್ಪೆಯಲ್ಲಿ ಬಲೆ ಹೊಲಿಯುವ ಕೆಲಸಕ್ಕೆ ರಜೆ ಹೇಳಿ, ಬೆಳಿಗ್ಗೆ ಕಾಪುವಿನಿಂದ ಬಸ್ ಹತ್ತಿದೆ. ಉಡುಪಿಯಲ್ಲಿ ಬನ್ಸ್ ಕಟ್ಟಿಸಿಕೊಂಡು ಮಣಿಪಾಲದ ಬಸ್ ಹಿಡಿದೆ. ಅಲ್ಲಿ ಆಸ್ಪತ್ರೆಯಲ್ಲಿ ನನ್ನ ಅಕ್ಕ ಸುಮತಿ ಮಂಗನ ಕಾಯಿಲೆಯಿಂದ ಮಲಗಿದ್ದಳು. ಅಮ್ಮ ತೀರಿದ ಮೇಲೆ ನನ್ನನ್ನು ಸಾಕಿದವಳು. ಮದುವೆಯಾಗಿ ಕಾರ್ಕಳದ ಕಡೆಗೆ ಹೋದ ಮೇಲೂ, ನಾನು ಹೋದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ "ಊಟ ಆಯ್ತಾ ತಮ್ಮ?" ಎನ್ನುತ್ತಿದ್ದಳು.

ಜ್ವರ ಇಳಿದಿತ್ತು, ಕೈ ಇನ್ನೂ ನಡುಗುತ್ತಿತ್ತು. ಭಾವ ಔಷಧಿ ತರಲು ಹೋಗಿದ್ದರು. ಬನ್ಸ್ ಚೂರು ಮಾಡಿ ತಿನ್ನಿಸಿದ ಮೇಲೆ ಹೇಳಿಬಿಟ್ಟೆ.

ಕಳೆದ ತಿಂಗಳು ಅವಳ ಮನೆಯ ಹಿಂದಿನ ಗುಡ್ಡದಲ್ಲಿ ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸುವಾಗ ಮಂಗವೊಂದು ಸತ್ತು ಬಿದ್ದಿತ್ತು. ಹನುಮಂತನ ಜಾತಿ, ಹಾಗೇ ಬಿಡಬಾರದೆಂದು ಹೊಂಡ ತೆಗೆದು, ದಾಸವಾಳ ಇಟ್ಟು ಹೂತೆ. ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಗೊತ್ತಿತ್ತು. ತಿಳಿಸಿದರೆ ಗುಡ್ಡ ಹತ್ತಬೇಡಿ ಎನ್ನುತ್ತಾರೆ, ಅಕ್ಕನ ದನಕ್ಕೆ ಹಾಸಲು ಇರುವುದಿಲ್ಲ ಎಂದು ಸುಮ್ಮನಾದೆ. ಅಕ್ಕನಿಗೂ ಹೇಳಲಿಲ್ಲ. ಸತ್ತ ಮಂಗನ ಮೈಯಿಂದ ಇಳಿದ, ಕಾಯಿಲೆ ಹರಡುವ ಉಣ್ಣೆ ಹುಳಗಳು ಆ ಎಲೆಗಳಲ್ಲೇ ಉಳಿಯುತ್ತವೆ. ಮರುವಾರ ಅವಳು ಅಲ್ಲೇ ಗುಡಿಸಿದಳು.

ಅಕ್ಕ ಗೋಡೆಯ ಕಡೆ ತಿರುಗಿದಳು. "ನನಗೆ ಹೇಳಿ ಎಂತ ಉಂಟು ಈಗ? ಇಲಾಖೆಯವರಿಗೆ ಹೇಳು. ಆಚೆಮನೆ ಲೀಲಕ್ಕ ಇವತ್ತೂ ಬುಟ್ಟಿ ಹಿಡಿದು ಹೋಗಿರ್ತಾಳೆ."

ಹಿರಿಯಡ್ಕದ ದಾರಿಯಾಗಿ ಕಾರ್ಕಳಕ್ಕೆ ಹೋದೆ. ಬಿಸಿಲಿಗೆ ಬಸ್ಸಿನ ಕಂಬಿ ಸುಡುತ್ತಿತ್ತು. ದಾರಿಯುದ್ದಕ್ಕೂ ಗೇರು ಹೂ ಬಿಟ್ಟಿತ್ತು. ಬಸ್ಸಿನಿಂದಲೇ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದ್ದೆ. ಇಲಾಖೆಯ ಇಬ್ಬರೊಂದಿಗೆ ಅವರು ಅಕ್ಕನ ಅಂಗಳದಲ್ಲಿ ಕಾಯುತ್ತಿದ್ದರು.

"ಮಂಗನಿಗೆ ಮಣ್ಣು ಕೊಟ್ಟವರು ನೀವಾ? ಉತ್ತರಕ್ರಿಯೆಯ ಬೊಜ್ಜದ ಊಟಕ್ಕಾದರೂ ಕರೆಯಬಹುದಿತ್ತು ಮಾರಾಯ್ರೆ!" ಎಂದು ಇಲಾಖೆಯವರಲ್ಲೊಬ್ಬರು ನಕ್ಕರು.

ಕಾಲಿಗೆಲ್ಲ ಉಣ್ಣೆ ಹತ್ತದ ಎಣ್ಣೆ ಹಚ್ಚಿಕೊಂಡು ಗುಡ್ಡ ಹತ್ತಿದೆವು. ಜಾಗ ತೋರಿಸಿದೆ. ಅವರು ಬಿಳಿ ಬಟ್ಟೆಯೊಂದನ್ನು ತರಗೆಲೆಯ ಮೇಲೆ ಎಳೆದು ಮಗುಚಿದರು. ಎಳ್ಳು ಚೆಲ್ಲಿದ ಹಾಗೆ ಉಣ್ಣೆಗಳು ಅಂಟಿದ್ದವು. ಲೀಲಕ್ಕ ಗುಡಿಸಿದ ಗುರುತು ನಾಲ್ಕು ಮಾರು ಈಚೆಗೆ ನಿಂತಿತ್ತು. ಕೆಳಗಿಳಿದು ಕೇಳಿದಾಗ ಅವಳು, "ಅಯ್ಯೋ, ನಾಳೆ ಅಲ್ಲಿಗೇ ಹೋಗುವವಳಿದ್ದೆ" ಎಂದಳು.

ಹಟ್ಟಿಗೆ ಹೋಗಿ ದನಕ್ಕೆ ಬೈಹುಲ್ಲು ಹಾಸಿದೆ. ಅದು ನನ್ನ ಕೈ ಮೂಸಿ ಮತ್ತೆ ಬಾಗಿಲ ಕಡೆ ನೋಡಿತು.

ಬೆಳ್ಮಣ್ ದಾರಿಯಾಗಿ ಮರಳುವಾಗ ಫೋನ್ ಮಾಡಿದೆ. ಭಾವ ಅದನ್ನು ಅಕ್ಕನ ಕಿವಿಗೆ ಹಿಡಿದರು.

"ಜಾಗ ತೋರಿಸಿದೆ ಅಕ್ಕ."

"ದನಕ್ಕೆ ಎಂತ ಹಾಸಿದೆ?"

"ಬೈಹುಲ್ಲು."

"ಹ್ಞೂಂ."

ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳು ಕೇಳುತ್ತಾಳೆಂದು ಕಾದೆ. ಫೋನ್ ಕಟ್ಟಾದ ಮೇಲೂ ಬಹಳ ದೂರದವರೆಗೆ ಅದನ್ನು ಕಿವಿಗೇ ಹಿಡಿದಿದ್ದೆ.