ಬಿಟಿ ಪೈಲ್ವಾನ

ನಮ್ಮ ಗರಡಿಯ ಗುರು ವಸ್ತಾದರ ಎರಡೂ ಕಿವಿ ಒಣ ಅಂಜೂರದ ಹಾಗೆ ಮುದುಡಿದ್ದವು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಹಾಗಾಗಿದ್ದವು. ಮಾತು ಕೇಳಿಸದಿದ್ದರೆ ನಮ್ಮನ್ನೇ ಬೈಯುವರು: "ಬಾಯಾಗ ಎಲಿ ಅಡಿಕಿ ಇಟ್ಕೊಂಡಿ ಏನಲೇ?"

ಶಾಲೆ ನನಗೆ ಹತ್ತಲಿಲ್ಲ. ಹಾನಗಲ್ಲಿನ ಗರಡಿಮನೆಯಲ್ಲಿ ನನ್ನನ್ನು ಮನುಷ್ಯನನ್ನಾಗಿ ಮಾಡಿದವರು ಅವರು. ಎಪ್ಪತ್ತು ದಾಟಿದರೂ ಅಖಾಡದ ಕೆಮ್ಮಣ್ಣು ತಾವೇ ಅಗೆದು, ಎಣ್ಣೆ ಮಜ್ಜಿಗೆ ಕಲಸುತ್ತಿದ್ದರು. ಮೊಣಕಾಲು ಸೋತಿದ್ದವು. ಕುಂತರೆ ಏಳಲು ಗೋಡೆ ಹಿಡಿಯಬೇಕು. ನಾವು ಕೈ ಕೊಟ್ಟರೆ ತಳ್ಳುವರು.

ಒಂದು ದಿನ ಅವರಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದೆ. ವಿಜ್ಞಾನಿಗಳು ಇಲಿಗಳ ಜೀನು ತಿದ್ದಿ ಮುಪ್ಪು ನಿಧಾನ ಮಾಡಲು ನೋಡುತ್ತಿದ್ದಾರೆ, ಮುಂದೆ ಮನುಷ್ಯರಿಗೂ ಆಗಬಹುದು ಅಂತ ಇತ್ತು.

"ಬಿಟಿ ಹತ್ತಿ ಬೀಜಕ್ಕ ಮಾಡಿದ್ರಲ್ಲ, ಹಂಗೇನ?"

"ಹಂಗ ಅನ್ರಿ, ವಸ್ತಾದ್ರ."

"ಹಂಗಾರ ನಾ ಬಿಟಿ ಪೈಲ್ವಾನ. ಹುಳಾ ಹತ್ತಂಗಿಲ್ಲ!"

ಹುಡುಗರೆಲ್ಲ ನಕ್ಕರು. ಅವರು ಗೂಟದ ಮೇಲಿನ ಕೇಸರಿ ಪೇಟ ತೋರಿಸಿದರು. "ನಾ ನಮ್ಮ ವಸ್ತಾದ್ರನ್ನ ಕೆಡವಿದ ದಿನ ಅವ್ರು ಇದನ್ನ ನನ್ನ ತಲಿಗೆ ಸುತ್ತಿ ಗರಡಿ ಕೊಟ್ರು. ಮುದುಕರು ಬೀಳದಿದ್ರ ನೀವು ಯಾವಾಗ ಮ್ಯಾಲ ಬರ್ತೀರ್ಲೇ?"

ಲಂಗೋಟಿ ಬಿಗಿದು ಮಣ್ಣಿಗಿಳಿದರು. "ಬಾ. ಖರೇನ ಹಿಡಿ. ನನ್ನ ಮುಪ್ಪು ಎಷ್ಟೈತಿ ನೋಡೂಣ."

ಹಿಡಿದೆ. ನನ್ನನ್ನು ಎಷ್ಟೋ ಸಲ ಎತ್ತಿ ಒಗೆದ ಹೆಗಲು ಖಾಲಿ ಚೀಲದ ಹಾಗೆ ಕೈಗೆ ಬಂತು. ಅವರ ಕಾಲು ನಡುಗುತ್ತಿದ್ದವು. ಒಮ್ಮೆ ತಳ್ಳಿದರೆ ಸಾಕಿತ್ತು. ನನ್ನಿಂದ ಆಗಲಿಲ್ಲ. ಜಾರಿದವನ ಹಾಗೆ ನಾನೇ ಅಂಗಾತ ಬಿದ್ದೆ.

"ಬಿಟಿ ಪೈಲ್ವಾನ್!" ಅಂತ ಹುಡುಗರು ಸಿಳ್ಳೆ ಹೊಡೆದರು.

ವಸ್ತಾದರು ನಗಲಿಲ್ಲ. ನನ್ನ ಬೆನ್ನಿನ ಮಣ್ಣು ಒರೆಸುತ್ತ, ನನಗಷ್ಟೇ ಕೇಳುವ ಹಾಗೆ ಅಂದರು: "ನೀ ಬೀಳಲಿಲ್ಲ. ನನಗ ಭಿಕ್ಷೆ ಹಾಕಿದಿ."

ನಾಚಿಕೆಯಿಂದ ತಲೆ ಎತ್ತಲಿಲ್ಲ. ಇನ್ನೊಮ್ಮೆ ಹಿಡಿಯೋಣ ಅನ್ನಬಹುದಿತ್ತು. ಅದೂ ಬಾಯಿಗೆ ಬರಲಿಲ್ಲ.

ಆಮೇಲೆ ಅವರು ಅಖಾಡಕ್ಕೆ ಇಳಿಯಲಿಲ್ಲ. ಕಟ್ಟೆಯ ಮೇಲೆ ಕುಂತು ಬೇರೆ ಹುಡುಗರಿಗೆ ಪಟ್ಟು ಹೇಳುತ್ತಿದ್ದರು. ನನಗೆ ಬೈಯುವುದನ್ನೇ ಬಿಟ್ಟರು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ತೀರಿಕೊಂಡರು.

ಈಗ ಮಣ್ಣು ಅಗೆಯುವವನು ನಾನು. ಹುಡುಗರು "ಪೇಟಾ ಸುತ್ಕೋರಿ, ವಸ್ತಾದ್ರ" ಅನ್ನುತ್ತಾರೆ. ದಿನಾ ಅದರ ಧೂಳು ಜಾಡಿಸಿ ಮತ್ತೆ ಗೂಟಕ್ಕೇ ಹಾಕುತ್ತೇನೆ. ನಾನು ಅವರನ್ನು ಕೆಡವಿಲ್ಲ.