ಕೌದಿ ಹಸದಿರಬಾರದು

ನನ್ನ ಸಿಟ್ಟು ಮೂಗಿನ ತುದಿಮ್ಯಾಲ ಇರತೈತಿ, ಇದನ್ನ ಮೊದ್ಲ ಹೇಳಿಬಿಡತೇನಿ. ಆ ಸಿಟ್ಟಿನಿಂದಾನ ನಾ ಎರಡು ದಿನ ಕುಷ್ಟಗಿ ಬಸ್‌ಸ್ಟ್ಯಾಂಡಿನಾಗ ಕುಂತಿದ್ದು. ಗಂಡ ತೀರಿಹೋದ ಮ್ಯಾಲ ಮೈದುನ ಮನಿಗೆ ಕೀಲಿ ಜಡದ. ತಳಕಲ್ಲಿನ ತವರುಮನಿಗೆ ಹೋದ್ರ ಅಣ್ಣನ ಹೆಂಡ್ತಿ ಬಾಗಲದಾಗ ನಿಂತು, "ಎಷ್ಟು ದಿನ ಇರ್ತಿ?" ಅಂತ ಕೇಳಿದ್ಲು. ನಾ ಇನ್ನಾ ಚಪ್ಪಲಿ ಸೈತ ಬಿಟ್ಟಿರಲಿಲ್ಲ. ಅಣ್ಣ ಒಳಗ ಇದ್ದ, ಹೊರಗ ಬರಲಿಲ್ಲ. "ನೀರು ಕುಡದು ಹೋಗಾಕ ಬಂದಿದ್ದೆ" ಅಂದೆ. ನೀರೂ ಕುಡೀಲಿಲ್ಲ, ಹೊಳ್ಳಿ ಬಂದೆ. ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಐತಲ್ರಿ, ಆಧಾರ್ ಕಾರ್ಡ್ ತೋರಿಸಿ ಕುಷ್ಟಗಿ ಮಟ ಬಂದೆ. ಆ ಕಾರ್ಡಿನಾಗಿದ್ದ ಮನಿಗೇ ಕೀಲಿ ಬಿದ್ದಿತ್ತು.

ಬಸ್‌ಸ್ಟ್ಯಾಂಡ್ ಭಾಳ ಛಲೋ ಜಾಗ ನೋಡ್ರಿ. ಮನಿ ಇಲ್ದಾಕಿನೂ ಅಲ್ಲಿ ಊರಿಗೆ ಹೊಂಟಾಕಿ ಹಂಗ ಕಾಣ್ತಾಳ. ತೊಡಿಮ್ಯಾಲ ಚೀಲ ಇಟಗೊಂಡು, ಬಸ್ ಬಂದಾಗೊಮ್ಮೆ ಕುತಿಗಿ ಎತ್ತಿ ಬೋರ್ಡ್ ನೋಡಬೇಕು, ಅಷ್ಟ. ಯಾರರ "ಯಾವೂರಿಗೆ ಯವ್ವಾ?" ಅಂದ್ರ "ಹನುಮಸಾಗರಕ್ಕ" ಅಂತಿದ್ದೆ, ಯಾಕಂದ್ರ ನನ್ನ ಎದುರಿಗೆ ಅದ ಬೋರ್ಡ್ ಇತ್ತು. "ಊಟ ಆತೇನು?" ಅಂದ್ರ "ಆತ್ರಿ". ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವ ಅಂತಾರಲ್ಲ, ಹಂಗ. ನಳದ ನೀರು ಕುಡದು ಕುಡದು ಹೊಟ್ಟಿ ಗುಡುಗುಡು ಅನ್ನಾಕತ್ತಿತ್ತು. ಎರಡನೇ ದಿನ ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬಂತು. ಆದ್ರೂ ಕೈ ಚಾಚಂಗಿಲ್ಲ ಅಂತ ಹಟ. ಸತ್ರ ಇಲ್ಲೇ ಸಾಯತೇನಿ, ಬೇಡಂಗಿಲ್ಲ ಅಂತ ಖರೇನ ಮನಸಿನ್ಯಾಗ ಗಟ್ಟಿ ಮಾಡಿದ್ದೆ.

ಅಲ್ಲೇ ಕಂಬದ ಬುಡಕ್ಕ ಒಬ್ಬಾಕಿ ಮುದುಕಿ ಕೌದಿ ಹೊಲಕೋಂತ ಕುಂತಿದ್ಲು. ಹಳೇ ಸೀರಿ, ಧೋತರ ಒಂದರ ಮ್ಯಾಲೊಂದು ಹಾಸಿ ಹೊಲಿಯೋ ಹೊದಿಕಿಗೆ ನಮ್ಮ ಕಡೆ ಕೌದಿ ಅಂತೇವಿ. ಊರೂರು ತಿರಗಿ ಅದನ್ನ ಹೊಲಿಯೂದ ಅಕಿ ಕಸಬು. ಮನಿ ಮಠ ಏನೂ ಇಲ್ಲ. ಹೊಲಿಸಿದವರ ಮನಿ ಕಟ್ಟಿಮ್ಯಾಲ ಮಲಗೂದು, ಅದೂ ಇಲ್ದಾಗ ಬಸ್‌ಸ್ಟ್ಯಾಂಡ್. ಇದನ್ನೆಲ್ಲ ನಾ ಆಮ್ಯಾಲ ತಿಳಕೊಂಡೆ.

"ಏ ತಂಗಿ, ಹನುಮಸಾಗರದ ಬಸ್ಸು ಮುಂಜಾನಿಂದ ಎಷ್ಟೋ ಹೋದ್ವು. ನಿನಗ ಯಾವ ಬಣ್ಣದ್ದು ಬೇಕಾಗೇತಿ?" ಅಂದ್ಲು.

"ನನ್ನ ಬಸ್ಸು, ನನ್ನ ಮರ್ಜಿ."

ನಕ್ಕಳು. ಬಾಯಾಗ ಹಲ್ಲು ನಾಕೈದ ಇದ್ವು. "ನಿನ್ನ ಮರ್ಜಿ ಬಸ್ಸು ಬರೂತನಕ ಈ ತುದಿ ಹಿಡಿ. ಒಬ್ಬಾಕಿಗೆ ಜಗ್ಗಿ ಹೊಲಿಯಾಕ ಆಗವಲ್ದು."

ಕೆಲಸ ಅಂದ್ರ ಮಾತು ಬ್ಯಾರೆ. ಹೋಗಿ ಹಿಡದೆ. ಕೂಸಿನ ಕೌದಿ ಅದು. ಹನುಮಸಾಗರದ ಒಂದು ಮನ್ಯಾಗ ಮಗಳಿಗೆ ಒಂಬತ್ತು ತಿಂಗಳಂತ. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸಿ ಇಟ್ಟಾರ, ನಾ ಯಾಕ ಹಿಂದ ಬೀಳ್ಲಿ?" ಅಂದ್ಲು ಮುದುಕಿ.

ಕೌದಿಯ ಕಡೀ ಮೂಲಿ ಮುಚ್ಚೂ ಮುಂದ ಒಳಗ ಒಂದು ತುಣುಕು ರೊಟ್ಟಿ ಇಟ್ಟು ಹೊಲಿಯೂದು ನಮ್ಮ ಪದ್ಧತಿ. ಕೌದಿ ಹಸದಿರಬಾರದಂತ. ಮುದುಕಿ ತನ್ನ ಗಂಟು ಬಿಚ್ಚಿದ್ಲು. ಎರಡು ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ. ಉಗುರಿನಷ್ಟು ತುಣುಕು ಮುರದು ಮೂಲ್ಯಾಗ ಇಟ್ಲು. ಉಳಿದದ್ದನ್ನ ನನ್ನ ಮುಂದ ಸರಿಸಿ, "ತಿನ್ನು" ಅಂದ್ಲು.

"ನಂದು ಊಟ ಆಗೇತಿ."

"ಆಗಿದ್ರ ಆಗ್ಲಿ. ನಿನ್ನ ಹೊಟ್ಟಿ ಸುದ್ದಿ ಯಾರು ಕೇಳಿದ್ರು? ತುದಿ ಹಿಡದಾಕಿ ಉಂಡ ಮ್ಯಾಲನ ಮೂಲಿ ಮುಚ್ಚಬೇಕು, ಇದು ಶಾಸ್ತ್ರ. ಇಲ್ಲಂದ್ರ ಕೂಸಿಗೆ ಹಾಲು ಸಾಲಂಗಿಲ್ಲ. ನಿನ್ನ ಹಟಕ್ಕ ಆ ಕೂಸು ಅಳಬೇಕೇನು?"

"ಎರಡೂ ನಾನ ತಿನ್ನಲೇನು?"

"ಎರಡೂ. ಹೊಲದಾಕಿ ಕೌದಿ ಮುಟ್ಟಿಸೂತನಕ ಬಾಯಾಗ ಏನೂ ಹಾಕಂಗಿಲ್ಲ. ಅದೂ ಶಾಸ್ತ್ರನ."

ತಿಂದ್ನಿ ನೋಡ್ರಿ. ಮೊದಲ ತುತ್ತಿಗೆ ದಳದಳ ಕಣ್ಣೀರು ಬಂತು. ಅಕಿ ನನ್ನ ಕಡೆ ನೋಡಲೇ ಇಲ್ಲ, ತಲಿ ತಗ್ಗಿಸಿ ಸೂಜಿಗೆ ದಾರ ಪೋಣಿಸಿಕೋಂತ ಕುಂತ್ಲು.

ಸಂಜಿಮುಂದ ಇಬ್ಬರೂ ಹನುಮಸಾಗರದ ಬಸ್ ಹತ್ತಿದ್ವಿ. ಮುದುಕಿ ಆ ಮನಿಯ ಹಿರಿಯಾಕಿಗೆ ಕೌದಿ ಕೊಟ್ಟು, ನನ್ನ ಮುಂದ ದಬ್ಬಿ, "ಬಾಣಂತನಕ್ಕ ಒಬ್ಬರು ಬೇಕಂದಿದ್ರಲ್ಲ, ತಗೋರಿ. ಸಿಟ್ಟು ಭಾಳ, ಕೈ ಗಟ್ಟಿ" ಅಂದ್ಲು. ನನ್ನ ಹೆಸರು ಸೈತ ಕೇಳಿರಲಿಲ್ಲ ಅಕಿ! ಅವರು ಹಿತ್ತಲದಾಗಿನ ಖೋಲಿ ಕೊಟ್ರು. ಅವತ್ತು ಊಟಕ್ಕ ಕುಂತಾಗ ಮುದುಕಿ ಐದು ರೊಟ್ಟಿ ತಿಂದ್ಲು. ವಯಸ್ಸಾದ್ರೂ ಏನ್ ಹೊಟ್ಟಿ ಇದು ಮಾರಾಯ್ತಿ ಅಂತ ನಾ ಒಳಗೊಳಗ ನಕ್ಕೆ. ಮುಂಜಾನೆ ಎದ್ದು ನೋಡಿದ್ರ ಗಂಟು ಹೊತಗೊಂಡು ಹೋಗಿಬಿಟ್ಟಿದ್ಲು. ಮತ್ತ ಸಿಗಲಿಲ್ಲ.

ಬಾಣಂತನ ಮುಗೀತು, ಕೂಸು ಓಡ್ಯಾಡಾಕತ್ತಿತು, ನಾ ಇನ್ನೂ ಅದ ಖೋಲ್ಯಾಗ ಅದೇನಿ. ಹೋದ ವರ್ಷ ಓಣಿ ಹೆಣ್ಮಕ್ಕಳ ಜೋಡಿ ಕೌದಿ ಹೊಲಿಯಾಕ ಕುಂತೆ. ಕಡೀ ಮೂಲಿ ಬಂತು. "ತಡೀರಿ, ತುದಿ ಹಿಡದಾಕಿ ಮೊದ್ಲ ಉಣ್ಣಲಿ. ಹೊಲದವರು ಉಪಾಸ ಇರಬೇಕು" ಅಂದೆ. ಎಲ್ಲಾರೂ ನನ್ನ ಮಾರಿ ನೋಡಿದ್ರು. ಅವರಾಗ ಹಿರೇಕಿ ಒಬ್ಬಾಕಿ ಬಿದ್ದು ಬಿದ್ದು ನಕ್ಕು, "ತುಣುಕು ಇಡೂದು ಖರೆ ಯವ್ವಾ. ಉಳಿದದ್ದನ್ನ ನಿನಗ ಯಾರು ಹೇಳಿದ್ರು? ಹುಟ್ಟಿದಾಗಿಂದ ಹೊಲಿಯಾಕತ್ತೇನಿ, ಹಂಥಾ ಶಾಸ್ತ್ರ ಎಲ್ಲೂ ಇಲ್ಲ" ಅಂದ್ಲು.

ನನ್ನ ಕೈಯಾನ ಸೂಜಿ ಅಲ್ಲೇ ನಿಂತಿತು. ಆ ಮುದುಕಿ ಗಂಟಿನ್ಯಾಗ ಇದ್ದದ್ದ ಆ ಎರಡು ರೊಟ್ಟಿ. ಶಾಸ್ತ್ರ ಹೇಳಿ ಉಣ್ಣೂವ್ರನ್ನ ನಾ ಭಾಳ ಮಂದಿ ನೋಡೇನಿ. ಗುರ್ತಿಲ್ಲದಾಕಿ ಮಾನ ಉಳಸಾಕ ಶಾಸ್ತ್ರ ಹುಟ್ಟಿಸಿ, ತಾನ ಉಪಾಸ ಕುಂತಾಕಿ ಅಕಿ ಒಬ್ಬಾಕಿನ.