ಸಜ್ಜಿಗೆಯಲ್ಲಿ ಗಂಟು

ನನ್ನ ಚಿಕ್ಕಮ್ಮನದು ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ: ಉದ್ದನೆಯ ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಕೆಂಡದ ಇಸ್ತ್ರಿಪೆಟ್ಟಿಗೆ. ಬೀದಿಯ ಗಂಡಸರೆಲ್ಲ ಗರಿಗರಿಯಾಗಿ ಓಡಾಡುತ್ತಿದ್ದುದು ಅವಳ ಕೈಯ ದೆಸೆಯಿಂದ. ಆ ಕೈಯನ್ನೇ ಚಿಕ್ಕಪ್ಪ ತಿರುಚುತ್ತಿದ್ದ.

ಚಿಕ್ಕಪ್ಪ ಬಸ್ ಡ್ರೈವರ್. ಹೊರಗೆ ಅವನಂಥ ಸಾಧು ಇನ್ನೊಬ್ಬನಿಲ್ಲ. ಮುದುಕಿಯರನ್ನು ಕೈಹಿಡಿದು ಇಳಿಸುವವನು. ಮನೆಯ ಹೊಸ್ತಿಲು ದಾಟಿದರೆ ಸಾಕು, ಮೈಮೇಲೆ ಬಂದವನಂತೆ ಆಡುತ್ತಿದ್ದ. ಕಾಫಿ ಆರಿದ್ದರೆ ಲೋಟ ಗೋಡೆಗೆ, ಅಂಗಿಯ ಕಾಲರ್ ಮುದುಡಿದ್ದರೆ ಏಟು ಚಿಕ್ಕಮ್ಮನ ಕೆನ್ನೆಗೆ. ರಜೆಯ ದಿನ ಅವನಿಗೆ ಸಜ್ಜಿಗೆ ಆಗಲೇಬೇಕು. ರವೆ, ತುಪ್ಪ, ಸಕ್ಕರೆ, ನೀರು, ಅಷ್ಟೇ. ಅದಕ್ಕೂ ಒಂದು ಕಾನೂನು ಮಾಡಿಟ್ಟಿದ್ದ: "ಸಜ್ಜಿಗೇಲಿ ಗಂಟು ಸಿಕ್ತೋ, ನಿನ್ನ ಗಂಟು ಕಟ್ಟು." ತನ್ನ ಜೋಕಿಗೆ ತಾನೇ ನಗುತ್ತಿದ್ದ. ನಕ್ಕು ಮುಗಿಸಿ ಹೊಡೆಯುತ್ತಿದ್ದ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಯಾಕೆ ಸಹಿಸಿಕೊಂಡಳು ಎಂದು ಕೇಳಬೇಡಿ. ನಾವು ಕೇಳಿ ಬೈಸಿಕೊಂಡಿದ್ದೇವೆ. ಅವಳದು ಒಂದೇ ಹಟ: "ನನ್ನನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಿ, ಮಗಳ ಮೈ ಮುಟ್ಬೇಡಿ." ಇದ್ದೊಬ್ಬ ಮಗಳು ಹೊಡೆತದ ರುಚಿ ಕಾಣದೆ ಬೆಳೆಯಬೇಕು, ಅಷ್ಟೇ ಅವಳ ಆಸೆ. ಅವನೂ ಅದುವರೆಗೆ ಮುಟ್ಟಿರಲಿಲ್ಲ.

ಆ ಭಾನುವಾರ ಚಿಕ್ಕಮ್ಮನ ಬಲ ಮಣಿಕಟ್ಟು ಊದಿಕೊಂಡಿತ್ತು. ಹಿಂದಿನ ದಿನ ಅವನು ತಿರುಚಿದ್ದು. ಸಜ್ಜಿಗೆಗೆ ಎರಡೂ ಕೈ ಬೇಕು: ಒಂದರಲ್ಲಿ ಕುದಿನೀರು ಸಣ್ಣಗೆ ಸುರಿಯಬೇಕು, ಇನ್ನೊಂದರಲ್ಲಿ ಬಿಡದೆ ತಿರುವಬೇಕು. ಹಾಗಾಗಿ ಎಡಗೈಯಲ್ಲಿ ತಿರುವುವುದು ತಾಯಿ, ನೀರು ಹಾಕುವುದು ಮಗಳು ಎಂದಾಯಿತು. ರವೆ ತುಪ್ಪದಲ್ಲಿ ಹುರಿದು ಘಮಘಮ ಎನ್ನುವ ಹೊತ್ತಿಗೆ ಹೊರಗೆ ಅವನ ಚಪ್ಪಲಿಯ ಸದ್ದು ಕೇಳಿಸಿತು. ಹುಡುಗಿ ಬೆಚ್ಚಿ ಬಾಗಿಲ ಕಡೆ ತಿರುಗಿದಳು, ನೀರೆಲ್ಲ ಒಮ್ಮೆಗೇ ಬಿತ್ತು. ಗಂಟೋ ಗಂಟು. ಚಿಕ್ಕಮ್ಮ ಸಕ್ಕರೆ ಸುರಿದು ಮಗುಚಿದಳು, ಸೌಟಿನ ಬೆನ್ನಿನಿಂದ ಹಿಚುಕಿದಳು. ಒಂದೂ ಒಡೆಯಲಿಲ್ಲ.

ಅವನು ಒಲೆಯ ಪಕ್ಕದಲ್ಲೇ ನಿಂತು, ಸೌಟು ಕಿತ್ತುಕೊಂಡು, ಊದಿ ಊದಿ ಬಾಯಿಗೆ ಹಾಕಿಕೊಂಡ.

"ನೀರು ಹಾಕಿದ್ದು ಯಾರು?"

"ನಾನೇ ರೀ," ಎಂದಳು ಚಿಕ್ಕಮ್ಮ.

"ಅಲ್ಲಪ್ಪಾ, ನಾನು," ಎಂದಳು ಮಗಳು. ಅಮ್ಮನಿಗೆ ಬೀಳುವುದು ತಪ್ಪಲಿ ಎಂದು.

ಸೌಟು ಹುಡುಗಿಯ ಹೆಗಲಿಗೆ ಬಿತ್ತು, ಆಮೇಲೆ ಕಿವಿಗೆ. ರಕ್ತ ಬಂತು. ಅವನು ಮತ್ತೆ ಕೈ ಎತ್ತುವಷ್ಟರಲ್ಲಿ ಚಿಕ್ಕಮ್ಮ ಬಟ್ಟೆಯನ್ನೂ ಹುಡುಕದೆ ಬಾಣಲೆಯ ಎರಡೂ ಕಿವಿ ಹಿಡಿದು ಎತ್ತಿ ಅವನ ಮೇಲೆ ಬೋರಲು ಹಾಕಿದಳು. ನೀರಾದರೆ ಜಾರಿ ಹೋಗುತ್ತದೆ. ಸಕ್ಕರೆ ಬೆಂದ ಸಜ್ಜಿಗೆ ಕಚ್ಚಿಕೊಳ್ಳುತ್ತದೆ. ಅವನು ಕೆರೆದಷ್ಟೂ ತೋಳಿನ ಚರ್ಮ ಕಿತ್ತು ಬಂತು. ಖಾಲಿ ಬಾಣಲೆಯಿಂದ ಮೊಣಕಾಲಿಗೆ ಹೊಡೆದಳು. ಬಿದ್ದ. ಬಿದ್ದವನ ಬೆನ್ನಿಗೂ ಹೊಡೆದಳು.

"ಕಟ್ಟೋ ಗಂಟು! ನಿಂದು ಕಟ್ಟು, ನಡಿ ಆಚೆ!"

ಮದುವೆಯಾದಾಗಿನಿಂದ ರೀ ಎಂದ ಬಾಯಿ ಅದು. ಅಕ್ಕಪಕ್ಕದವರು ಓಡಿಬಂದಾಗ ಆ ಸಾಧು ಮನುಷ್ಯ ಕೊಳಾಯಿಯ ಕೆಳಗೆ ತೋಳು ಚಾಚಿಕೊಂಡು ಗೋಳೋ ಎಂದು ಅಳುತ್ತಿದ್ದ. ಆಸ್ಪತ್ರೆಗೆ ಹೋದವನು ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು, ಮುಚ್ಚುಮರೆ ಯಾಕೆ?

ಚಿಕ್ಕಮ್ಮ ಮಾತ್ರ ಇದನ್ನು ಹೇಳುವಾಗ ಒಮ್ಮೆಯೂ ನಕ್ಕಿದ್ದಿಲ್ಲ. ಜನ ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡು ಒಳಗೆ ಬಂದಳಂತೆ. ಮಗಳು ಮೂಲೆಯಲ್ಲಿ ಮುದುರಿ ಕೂತಿದ್ದಳು, ಕಿವಿಯಿಂದ ಇನ್ನೂ ರಕ್ತ ಇಳಿಯುತ್ತಿತ್ತು. ಒರೆಸೋಣವೆಂದು ಚಿಕ್ಕಮ್ಮ ಕೈ ಚಾಚಿದಳು. ಹುಡುಗಿ ತಟ್ಟನೆ ಮೊಣಕೈ ಎತ್ತಿ ಮುಖ ಮುಚ್ಚಿಕೊಂಡಳು.

"ನಾನು ಕಣೇ," ಎಂದಳು ಚಿಕ್ಕಮ್ಮ. "ಅಮ್ಮ."

ಹುಡುಗಿ ಮೊಣಕೈ ಇಳಿಸಲಿಲ್ಲ.